ಹೆಬ್ಬೆಟ್ಟು

ದೋಣಿಯ ಅಂಚಿನಲ್ಲಿ ಕೂತು ಕ್ಯಾಮೆರಾ ಒರೆಸುತ್ತಿದ್ದ ಛಾಯಾಗ್ರಾಹಕನಿಗೆ ಡೈವಿಂಗ್ ಗೈಡ್ ಸುಗಂಧಿ ನೀರೊಳಗಿನ ಕೈಸನ್ನೆಗಳನ್ನು ಹೇಳಿಕೊಡತೊಡಗಿದಳು.

"ಹೆಬ್ಬೆಟ್ಟು ಎತ್ತಿದ್ರೆ, ಕೂಡ್ಲೇ ಮೇಲೆ ಕರ್ಕಂಡು ಹೋಗಿ ಅಂತ ಅರ್ಥ ಸರ್."

"ನಂಗೇ ಪಾಠ ಮಾಡ್ಬೇಡಮ್ಮ," ಅವನು ರೇಗಿದ. "ಹೋದ ವರ್ಷ ಕಡಲಾಮೆಯೊಂದು ಕ್ಯಾಮೆರಾ ಮುಂದೇನೇ ಬಂದಿತ್ತು. ಖುಷಿಗೆ, ಸೂಪರ್ ಅಂತ ಹೆಬ್ಬೆಟ್ಟು ತೋರಿಸ್ದೆ. ಆ ಪೆದ್ದ ಗೈಡ್ ನನ್ನ ಎಳ್ಕೊಂಡು ಮೇಲೆ ಬಂದ್ಬಿಟ್ಟ! ಫೋಟೋನೂ ಹೋಯ್ತು, ಆಮೆನೂ ಹೋಯ್ತು. ಅವತ್ತೇ ಅವನ ಕೆಲಸ ತೆಗೆಸ್ದೆ."

ಆ ಗೈಡ್ ಸುಗಂಧಿಯ ಅಣ್ಣ. ಈಗ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುತ್ತಿದ್ದ. ಈ ವರ್ಷ ಡೈವಿಂಗ್‌ಗೆ ಬರುವವರ ಪಟ್ಟಿಯಲ್ಲಿ ಈ ಛಾಯಾಗ್ರಾಹಕನ ಹೆಸರು ಕಂಡದ್ದೇ ತಡ, ಅವಳು ಹಟ ಹಿಡಿದು ಈ ಸರದಿಯನ್ನು ತನಗೇ ಹಾಕಿಸಿಕೊಂಡಿದ್ದಳು.

"ನಾನು ಹೆಬ್ಬೆಟ್ಟು ಎತ್ತಿದ್ರೆ ಸೂಪರ್ ಅಂತಾನೇ ಅರ್ಥ. ತಲೆಗೆ ಹೋಯ್ತಾ?"

"ಅಡ್ಡಿಲ್ಲ ಸರ್. ನೀವ್ ಹೇಳ್ದಾಂಗೇ."

ಕಡಲಾಳದ ಬಂಡೆಯೊಂದರ ಬಿರುಕಿನಲ್ಲಿ ತೋಳಿನಷ್ಟು ದಪ್ಪದ ಹಾವುಮೀನು ಅಡಗಿತ್ತು. ಅವಳು ಬೇಡವೆಂದು ಕೈಯಾಡಿಸಿದಳು. ಅವನಿಗೋ ಅದು ಬಾಯಿ ತೆರೆದಿರುವ ಚಿತ್ರವೇ ಬೇಕು. ಎಡಗೈ ಬೆರಳಿನಿಂದ ಅದರ ಮೂತಿಗೆ ತಿವಿದ. ಮೀನು ಬಾಯಿ ತೆರೆಯಿತು, ತೆರೆದದ್ದನ್ನು ಅವನ ಕೈಯ ಮೇಲೆಯೇ ಮುಚ್ಚಿತು. ಕ್ಯಾಮೆರಾ ಕೈಜಾರಿ ಕತ್ತಲೆಯ ಆಳಕ್ಕೆ ಇಳಿಯಿತು. ನೀರಿಗೆ ರಕ್ತ ಹೊಗೆಯಂತೆ ಹರಡಿತು. ಕಣ್ಣುಗುಡ್ಡೆ ಹೊರಬರುವಂತೆ ಅವಳನ್ನೇ ನೋಡುತ್ತ ಅವನು ಬಲಗೈಯ ಹೆಬ್ಬೆಟ್ಟನ್ನು ಎತ್ತಿದ. ಮತ್ತೆ ಎತ್ತಿದ. ಮತ್ತೆ ಮತ್ತೆ ಎತ್ತಿದ.

ಸುಗಂಧಿ ತನ್ನ ಎರಡೂ ಹೆಬ್ಬೆಟ್ಟುಗಳನ್ನು ಎತ್ತಿ ತೋರಿಸಿದಳು.