ಪಟದ ಕಣ್ಣು

ದೇವರ ಪಟದಲ್ಲಿ ಕಣ್ಣುಗಳೇ ಇರಲಿಲ್ಲ.

ಬೇಕರಿಯವನು ರಾತ್ರಿಪಾಳಿ ಮುಗಿಸಿ, ಮೈಗೆಲ್ಲ ಮೈದಾ ಮೆತ್ತಿಕೊಂಡು ಬಂದು, ಕೈಕಾಲು ತೊಳೆದು, ಎಂದಿನಂತೆ ದೇವರ ಗೂಡಿನ ಮುಂದೆ ಮಂಡಿಯೂರಿದ್ದ. ಮುಗಿದ ಕೈ ಮುಗಿದಂತೆಯೇ ನಿಂತಿತು. ಅಜ್ಜನ ಕಾಲದಲ್ಲಿ ಮರದ ಹಲಗೆಯ ಮೇಲೆ ಬರೆಸಿದ ಪಟ ಅದು. ಈಚೆಗೆ ಆಗಾಗ ಅದರ ಮೇಲೆ ಟವೆಲು ಬಿದ್ದಿರುತ್ತಿತ್ತು. ಗಾಳಿಗೆ ಹಾರಿ ಬಿತ್ತೆಂದು ಅವನೇ ತೆಗೆದು ಮಡಿಸಿಡುತ್ತಿದ್ದ. ಈಗ ನೋಡಿದರೆ ಎರಡು ಕಣ್ಣನ್ನೂ ಬಿಳಿ ಮರ ಕಾಣುವಂತೆ ಕೆರೆದು ಹಾಕಿದ್ದಾರೆ! ಕೆರೆದವರು ಅವಸರ ಮಾಡಿರಲಿಲ್ಲ. ಮೂಗಿಗಾಗಲಿ ಹುಬ್ಬಿಗಾಗಲಿ ಒಂದು ಗೀರೂ ತಗುಲಿರಲಿಲ್ಲ. ಕೆಳಗೆ ಒಂದು ಸ್ಕ್ರೂಡ್ರೈವರ್ ಬಿದ್ದಿತ್ತು.

ಪಿತ್ತ ನೆತ್ತಿಗೇರಲು ಅಷ್ಟು ಸಾಕಾಯಿತು. ಅದು ಯಾರದೆಂದು ಅವನಿಗೆ ಚೆನ್ನಾಗಿ ಗೊತ್ತು. ಹಿಂದಿನ ಸಂಜೆ ಹೆಂಡತಿಯ ತಮ್ಮ, ಸೈಕಲ್ ಶಾಪಿನವನು, ಮಗುವಿನ ಮೂರುಗಾಲಿ ಸೈಕಲ್ಲು ಸರಿಮಾಡಲು ಬಂದಿದ್ದ. ಬಂದವನು ಬಂದ ಕೆಲಸ ಮುಗಿಸಿ ಹೋಗಬಾರದೆ? ಊಹೂಂ, ಭಾವನಿಗೇ ಬುದ್ಧಿ ಹೇಳಲು ಕೂತ.

ಮಾತು ಹುಟ್ಟಿದ್ದು ಒಲೆಯಿಂದ. ಮಗಳು ಬಿಸ್ಕತ್ತು ಕದ್ದು ತಿಂದು, ತಿಂದಿಲ್ಲ ಎಂದಿದ್ದಳು. ಬೇಕರಿಯವನು ಅವಳನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗಿ ಬೇಕರಿಯ ದೊಡ್ಡ ಒಲೆಯ ಬಾಗಿಲು ತೆಗೆದು ತೋರಿಸಿದ್ದ. "ನೋಡಿದ್ಯಾ? ನರಕ ಇದಕ್ಕಿಂತ ದೊಡ್ಡದು. ಯಾರ್‍ಯಾರು ಏನೇನು ತಪ್ಪು ಮಾಡ್ತಾರೆ ಅಂತ ದೇವರು ನೋಡ್ತಾನೇ ಇರ್ತಾನೆ. ಆಮೇಲೆ ಎತ್ತಿ ಒಳಗೆ ಹಾಕಿ ಬಾಗಿಲು ಹಾಕ್ತಾನೆ." ಮಗು ನಿಂತಲ್ಲೇ ಬಟ್ಟೆ ಒದ್ದೆ ಮಾಡಿಕೊಂಡಿತ್ತು. ಅವನಿಗೂ ಅವನಪ್ಪ ಚಿಕ್ಕಂದಿನಲ್ಲಿ ಹೀಗೆಯೇ ತೋರಿಸಿದ್ದ. ಅದರಿಂದಲೇ ತಾನು ಇಷ್ಟು ನೇರ ಮನುಷ್ಯನಾದದ್ದು ಎಂಬುದು ಅವನ ನಂಬಿಕೆ.

"ಐದು ವರ್ಷದ ಕೂಸು ಭಾವ ಅದು," ಎಂದಿದ್ದ ಸೈಕಲ್ ಶಾಪಿನವನು. "ನಿದ್ದೇಲಿ ಬೆಚ್ಚಿಬೀಳ್ತಿದೆಯಂತೆ. ಹೀಗೆ ಹೆದರಿಸಿದ್ರೆ ಒಳ್ಳೆಯವಳಾಗ್ತಾಳಾ?"

"ಹೆದರಿಕೆ ಇಲ್ದೆ ಬೆಳೆದು ನೀನು ಏನಾಗಿದೀಯ ಅಂತ ನೋಡ್ತಾ ಇಲ್ವಾ?"

"ದೇವರು ನಿಜವಾಗ್ಲೂ ಎಲ್ಲಾನೂ ನೋಡ್ತಿದ್ರೆ, ಮೊದಲು ಒಲೆಗೆ ಬೀಳೋರು ಬೇರೆಯವರಿದಾರೆ ಬಿಡಿ."

ಬೇಕರಿಯವನು ಅವನ ಕುತ್ತಿಗೆಪಟ್ಟಿ ಹಿಡಿದು ಬೀದಿಗೆ ದಬ್ಬಿದ್ದ. ಬಾಗಿಲ ಸಂದಿಯಲ್ಲಿ ಮಗಳು ಬೆರಳು ಚೀಪುತ್ತ ನಿಂತಿದ್ದಳು.

ಅಂದರೆ, ತಾನು ಪಾಳಿಗೆ ಹೋದಮೇಲೆ ಬಡ್ಡಿಮಗ ವಾಪಸು ಬಂದು ದೇವರ ಮೇಲೆ ಹಗೆ ತೀರಿಸಿಕೊಂಡಿದ್ದಾನೆ!

ಸೈಕಲ್ ಶಾಪಿಗೆ ನುಗ್ಗಿದ ಬೇಕರಿಯವನು ಮಾತಾಡಿ ಹೊತ್ತು ಕಳೆಯಲಿಲ್ಲ. ಮೊಳೆಗೆ ತೂಗಿದ್ದ ಚೈನು ಕಿತ್ತುಕೊಂಡು ಮುಖಕ್ಕೇ ಬಾರಿಸಿದ. ಕೆನ್ನೆ ಸೀಳಿತು. ಎರಡನೆಯ ಏಟಿಗೆ ಸೈಕಲ್ ಶಾಪಿನವನು ಟ್ಯೂಬುಗಳ ರಾಶಿಯ ಮೇಲೆ ಬಿದ್ದ. ಎದೆಗೆ, ಪಕ್ಕೆಗೆ ಒದೆತ ಬಿತ್ತು. ಎದುರಂಗಡಿಯವನು ನೋಡಿಯೂ ನೋಡದವನಂತೆ ಷಟರ್ ಎಳೆದುಕೊಂಡ.

"ಯಾಕೆ ಭಾವ? ನಾನೇನು ಮಾಡ್ದೆ?"

"ದೇವರ ಕಣ್ಣು ಕೀಳ್ತೀಯಾ? ಇದೇನು ನಡ್ಕೊಂಡು ಬಂತಾ ನನ್ನ ಮನೆಗೆ?" ಬೇಕರಿಯವನು ಸ್ಕ್ರೂಡ್ರೈವರನ್ನು ಅವನ ಎದೆಯ ಮೇಲೆ ಎಸೆದ.

"ನಾನು ಬಂದೇ ಇಲ್ಲ! ಅದು ನಿನ್ನೆ ಮರೆತು..." ಅಷ್ಟು ಹೇಳಿ ಸೈಕಲ್ ಶಾಪಿನವನು ತಟ್ಟನೆ ನಿಲ್ಲಿಸಿದ. ಬಾಯಲ್ಲಿ ತುಂಬಿದ ರಕ್ತ ನುಂಗಿಕೊಂಡ. "ಕಣ್ಣು ಮಾತ್ರ ತೆಗೆದಿದೆಯಾ ಭಾವ?"

"ನಾಟಕ ಬೇಡ. ನೀನಲ್ಲ ಅಂದ್ರೆ ಯಾರು, ಬೊಗಳು. ಯಾರೇ ಆಗಿರ್ಲಿ, ಆ ಕೈನ ಒಲೆ ಒಳಗಿಟ್ಟು ಬಾಗಿಲು ಹಾಕ್ತೀನಿ. ನಮ್ಮಪ್ಪನಾಣೆ."

ಸೈಕಲ್ ಶಾಪಿನವನು ಅವನ ಮುಖವನ್ನು ನೋಡಿದ. ಆಣೆ ಸುಳ್ಳಲ್ಲ ಎಂದು ಆ ಮುಖ ಹೇಳುತ್ತಿತ್ತು.

"ನಾನೇ," ಎಂದ. "ನಾನೇ ಮಾಡಿದ್ದು. ಮನೇಲಿ ಬೇರೆ ಯಾರನ್ನೂ ಏನೂ ಕೇಳ್ಬೇಡಿ."

"ಯಾವ ಕೈ?"

ಅವನು ಬಲಗೈ ಚಾಚಿದ. ಒಲೆಯವರೆಗೆ ಎಳೆದುಕೊಂಡು ಹೋಗುವಷ್ಟು ತಾಳ್ಮೆ ಬೇಕರಿಯವನಿಗೆ ಉಳಿದಿರಲಿಲ್ಲ. ಕೈಯನ್ನು ಸಾಮಾನು ಬಡಿಯುವ ಕಬ್ಬಿಣದ ದಿಮ್ಮಿಯ ಮೇಲಿಟ್ಟು ಸುತ್ತಿಗೆ ಎತ್ತಿದ. ಬೆರಳುಗಳೆಲ್ಲ ನುಚ್ಚಾಗುವವರೆಗೂ ಬಿಡಲಿಲ್ಲ. ವಿಚಿತ್ರವೆಂದರೆ ಆ ಕೈ ಒಮ್ಮೆಯೂ ಹಿಂದಕ್ಕೆ ಸರಿಯಲಿಲ್ಲ.

ಮನೆಗೆ ಬಂದಾಗ ಅಂಗಿಯ ಮೈದಾ ಹಿಟ್ಟೆಲ್ಲ ಕೆಂಪು ಮುದ್ದೆಯಾಗಿತ್ತು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ದವಡೆ ವಾರದಿಂದ ನೀಲಿಗಟ್ಟಿತ್ತು. ಕಪಾಟಿನ ಬಾಗಿಲು ತಗುಲಿತೆಂದು ಅಕ್ಕಪಕ್ಕದವರಿಗೆ ಹೇಳಿದ್ದಳು.

"ನಿನ್ನ ತಮ್ಮ ಒಪ್ಕೊಂಡ," ಎಂದ ಬೇಕರಿಯವನು. "ರಾತ್ರಿ ಅವನಿಗೆ ಬಾಗಿಲು ತೆಗೆದವಳು ನೀನೇ ಅಲ್ವಾ?"

"ಅಯ್ಯೋ, ಏನ್ರೀ ಮಾಡಿದ್ರಿ ಅವನಿಗೆ? ಅವನು ವಾಪಸ್ ಬಂದೇ ಇಲ್ಲ ಕಣ್ರೀ, ನನ್ನ ಮಗಳಾಣೆಗೂ ಬಂದಿಲ್ಲ!"

"ದೇವರ ಮುಂದೆ ನಿಂತು ಸುಳ್ಳು ಹೇಳ್ತೀಯಾ?" ಜುಟ್ಟು ಹಿಡಿದು ಅವಳ ತಲೆಯನ್ನು ಗೋಡೆಗೆ ಅಪ್ಪಳಿಸಿದ. ಅವಳು ಕುಸಿದು ಕೂತಳು. ಅವನು ಮತ್ತೆ ಕೈ ಎತ್ತಿದ.

ಯಾರೋ ಪ್ಯಾಂಟು ಜಗ್ಗಿದಂತಾಯಿತು. ತಿರುಗಿ ನೋಡಿದ. ಮಗಳು. ಅವಳು ಅಳುತ್ತಿರಲಿಲ್ಲ. ಕಾಯಿಲೆ ಬಿದ್ದವರನ್ನು ಸಮಾಧಾನ ಮಾಡುವವಳ ಹಾಗೆ ಅವನ ಕಾಲನ್ನು ಮೆಲ್ಲಗೆ ಸವರಿದಳು.

"ಹೆದರ್ಕೋಬೇಡ ಅಪ್ಪ, ನೀನು ಅಮ್ಮಂಗೆ ಹೊಡೆಯೋದು ಇನ್ನು ದೇವರಿಗೆ ಕಾಣ್ಸಲ್ಲ, ನಿನ್ನನ್ನ ಒಲೆಗೆ ಹಾಕಲ್ಲ, ಕಣ್ಣೆಲ್ಲ ನಾನು ತೆಗೆದುಬಿಟ್ಟಿದೀನಿ."