ಮಗ್ಗದ ಸನ್ನೆ

"ನೋಡಿ, ನಮಗೆಲ್ಲ ಟಾಟಾ ಮಾಡ್ತಿದಾರೆ," ಎಂದು ಎಂಜಿನಿಯರ್ ಗೋಡೆಯ ಮೇಲೆ ಓಡುತ್ತಿದ್ದ ವಿಡಿಯೋ ತೋರಿಸಿ ನಕ್ಕ. ಸಭೆಯೂ ನಕ್ಕಿತು. ಮೊದಲ ಸಾಲಿನಲ್ಲಿ ಕೂತಿದ್ದ ಮುದುಕಿ ಮಾತ್ರ ನಗಲಿಲ್ಲ.

ಬಟ್ಟೆ ಮಿಲ್ಲು ಮುಚ್ಚಿದ ಊರನ್ನು ಮತ್ತೆ ಹೇಗೆ ಎತ್ತಿ ನಿಲ್ಲಿಸುತ್ತಾರೆಂದು ಕಲಿಯಲು ಎಂಜಿನಿಯರ್ ಹತ್ತು ದಿನ ಹೊರದೇಶಕ್ಕೆ ಹೋಗಿ ಬಂದಿದ್ದ. ಅಂದಿನಿಂದ ಅವನ ಬಾಯಲ್ಲಿ 'ಅಲ್ಲಿ' ಬಿಟ್ಟರೆ ಬೇರೆ ಮಾತಿಲ್ಲ. ಅಲ್ಲಿ ಮಿಲ್ಲು ಕೆಡವಲಿಲ್ಲ, ಮ್ಯೂಸಿಯಂ ಮಾಡಿದರು. ಅಲ್ಲಿ ಗಬ್ಬುನಾತದ ಕಾಲುವೆಯಲ್ಲಿ ಈಗ ದೋಣಿ ಓಡುತ್ತದೆ. ಇಲ್ಲೂ ಹಾಗೇ ಆಗಬೇಕಾದರೆ ಮಿಲ್ಲಿನ ಹಿಂದಿನ ಸಾಲುಮನೆಗಳ ನಲವತ್ತು ಸಂಸಾರ ಜಾಗ ಬಿಟ್ಟುಕೊಡಬೇಕು. ಬದಲಿಗೆ ಹೊಸ ಮನೆ. ಒಪ್ಪಿಗೆಯ ಕಾಗದ ಎಲ್ಲರ ತೊಡೆಯ ಮೇಲಿತ್ತು. ಮೂವತ್ತು ವರ್ಷ ಮಗ್ಗ ನಡೆಸಿದ ಮುದುಕಿ ರುಜು ಹಾಕಿದರೆ ಉಳಿದವರೂ ಕಣ್ಣುಮುಚ್ಚಿ ಹಾಕುವವರೇ. ಸೋರುವ ಮಾಡಿನ ಕೆಳಗೆ ಪಾತ್ರೆ ಇಟ್ಟೂ ಇಟ್ಟೂ ರೋಸಿಹೋಗಿದ್ದ ಅವಳ ಸೊಸೆಯಂತೂ ಪೆನ್ನಿನ ಮುಚ್ಚಳ ತೆಗೆದೇ ಕೂತಿದ್ದಳು.

"ಆ ವಿಡಿಯೋನ ಇನ್ನೊಂದ್ಸಲ ಹಾಕಪ್ಪ," ಎಂದಳು ಮುದುಕಿ.

ಮ್ಯೂಸಿಯಮ್ಮಿನಲ್ಲಿ ಮಗ್ಗದ ಪಕ್ಕ ನಿಂತ ನರೆಗೂದಲಿನವನು ಯಾರಿಗೋ ಅಂಗೈ ಎರಡು ಸಲ ಬೀಸಿ, ಹೆಬ್ಬೆರಳನ್ನು ಭುಜದ ಹಿಂದಕ್ಕೆ ತೋರಿಸಿದ.

"ಟಾಟಾ ಅಲ್ಲ ಅದು. ನನ್ನ ಮಗ್ಗ ನೋಡ್ಕೋ, ನಾನು ಮನೆಗೆ ಹೊರಟೆ ಅಂತಿದಾನೆ."

"ಸುಮ್ನಿರಿ ಅತ್ತೆ," ಸೊಸೆ ಗದರಿದಳು. "ಅವರ ಭಾಷೆ ನಿಮಗೇನು ಗೊತ್ತು?"

"ಭಾಷೆ ಎಲ್ಲಿಂದ ಬಂತು? ಮಿಲ್ಲಿನ ಆ ಸದ್ದಲ್ಲಿ ಯಾರ ಮಾತು ಯಾರಿಗೆ ಕೇಳಿಸ್ತಿತ್ತು? ನಮ್ಮ ಮಗ್ಗಗಳೂ ಅಲ್ಲಿಂದಲೇ ಹಡಗಲ್ಲಿ ಬಂದಿದ್ದು. ಕಲಿಸೋಕೆ ಬಂದೋರು ಸನ್ನೆನೂ ಕಲಿಸಿ ಹೋದ್ರು."

ಎಂಜಿನಿಯರನ ಮುಖ ಊರಗಲವಾಯಿತು. "ಸರಿಯಾಗಿ ಹೇಳಿದ್ರಿ ಅಮ್ಮ. ಆವತ್ತು ಅವರಿಗೆ ಬಸ್ಸಿನ ಹೊತ್ತಾಗಿತ್ತು. ಅದೇ ಮಿಲ್ಲಲ್ಲಿ ನೇಯ್ತಿದ್ದೋರು. ಈಗ ದಿನಾ ಎರಡು ಗಂಟೆ ಬಸ್ಸಲ್ಲಿ ಬಂದು ಜನಕ್ಕೆ ಮಗ್ಗ ತೋರಿಸ್ತಾರೆ. ಅಷ್ಟು ಅಭಿಮಾನ."

"ಎರಡು ಗಂಟೆ ಯಾಕೆ? ಮಿಲ್ಲಿನ ಪಕ್ಕ ಮನೆ ಇರ್ಲಿಲ್ವ?"

"ಇತ್ತಂತೆ. ಈಗ ಅಲ್ಲಿ ಅಂಥೋರಿಗೆ ಮನೆ ಎಟಕಲ್ಲ ಬಿಡಿ. ಊರು ಅಷ್ಟು ಚೆನ್ನಾಗಾಗಿದೆ," ಎಂದ ಎಂಜಿನಿಯರ್, ತಾನೇ ಕಟ್ಟಿಸಿದ ಊರೆಂಬಂತೆ.

ಮುದುಕಿ ಗೋಡೆಯ ಮೇಲಿನ ಮನುಷ್ಯನನ್ನೇ ನೋಡುತ್ತ ಕೂತಳು. ಕಂಡರಿಯದ ಆ ನೇಕಾರನ ಮೇಲೆ ಅವಳಿಗೆ ಒಡಹುಟ್ಟಿದವನ ಮೇಲೆ ಬರುವಂಥ ಮರುಕ ಬಂತು.

ಎದ್ದು ನಿಂತವಳು ಸೊಸೆ.

"ಸಾರ್, ಹೊಸ ಮನೆ ಕೊಡ್ತೀವಿ ಅಂತ ಬರ್ದಿದೀರಿ, ಸಂತೋಷ. ಅಲ್ಲಿಂದ ಇಲ್ಲಿಗೆ ಬಸ್ಸಲ್ಲಿ ಎಷ್ಟು ಹೊತ್ತು?"