ಯಾರೇ ಆಗಲಿ

ಅಂತಾರಾಷ್ಟ್ರೀಯ ಶಾಂತಿಪಡೆಯ ಸುಬೇದಾರ್ ಹೂಗಾರ ಬೆಳಗಿನಿಂದ ಶಿಬಿರದ ಗೇಟು ಬಿಟ್ಟು ಕದಲಿರಲಿಲ್ಲ. ಹೊರಗೆ ನಲವತ್ತು ಜನ ಬಂದೂಕು ಹಿಡಿದು ನಿಂತಿದ್ದರು. ಊರು ಸುಡಲು ಒಪ್ಪದೆ ಆ ಗುಂಪಿನಿಂದ ಓಡಿಬಂದವನೊಬ್ಬ ಒಳಗೆ ಆಶ್ರಯ ಪಡೆದಿದ್ದ. ಅವನು ಗುಂಪಿನ ನಾಯಕನ ಸ್ವಂತ ತಮ್ಮ.

“ಅವನನ್ನು ಒಪ್ಪಿಸು,” ಎಂದ ನಾಯಕ.

“ಆಗುವುದಿಲ್ಲ. ಆಯುಧವಿಲ್ಲದೆ ಬಂದವರನ್ನು, ಯಾರೇ ಆಗಲಿ, ಕಾಯುತ್ತೇವೆ. ನಮ್ಮ ಸಂಸ್ಥೆ ಹುಟ್ಟಿದ್ದೇ ಆ ಮಾತಿನ ಮೇಲೆ.”

“ಯಾರೇ ಆಗಲಿ?”

“ಯಾರೇ ಆಗಲಿ.”

ನಾಯಕ ಬಂದೂಕು, ಚಾಕು ಎರಡನ್ನೂ ತನ್ನವರ ಕೈಗೆ ಕೊಟ್ಟ. “ಹಾಗಾದರೆ ನನ್ನನ್ನೂ ಒಳಗೆ ಬಿಡು. ಅವನನ್ನು ನಾನೇ ವಿಚಾರಿಸಿಕೊಳ್ಳುತ್ತೇನೆ.”

ಹಿಂದಿದ್ದವರು ಗೊಳ್ಳೆಂದು ನಕ್ಕರು.

“ಬಿಡಬ್ಯಾಡ್ರಿ ಸಾಹೇಬ್ರ,” ಪಕ್ಕದಲ್ಲಿದ್ದ ಹವಾಲ್ದಾರ ಪಿಸುಗುಟ್ಟಿದ. “ಬರಿಗೈಲೇ ಕುತ್ತಿಗಿ ಹಿಚುಕತಾನ.”

ಹೂಗಾರ ಬೀಗದ ಮೇಲೆ ಕೈಯಿಟ್ಟ. ಆಡಿದ ಮಾತನ್ನು ಆಡಿದ ಗಳಿಗೆಯಲ್ಲೇ ಮುರಿದರೆ ನಾಳೆ ಈ ಗೇಟನ್ನು ನಂಬುವವರಾರು? ಗೇಟಿನ ಸರಳುಗಳ ನಡುವೆ ಕೈಹಾಕಿ ನಾಯಕನ ಮೈಯನ್ನು ಎರಡೆರಡು ಸಲ ತಡವಿ ನೋಡಿ, ಒಬ್ಬ ನುಸುಳುವಷ್ಟೇ ಗೇಟು ತೆರೆದ.

ಒಳಗೆ ಕಾಲಿಟ್ಟವನೇ ನಾಯಕ ಹೂಗಾರನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡ. ಹೊರಗಿನವರಿಗೆ ಕೇಳದಂತೆ ದನಿ ತಗ್ಗಿಸಿದ.

“ಬೇಗ ಬೀಗ ಹಾಕು. ಇನ್ನು ಅವರು ನನ್ನನ್ನೂ ಒಪ್ಪಿಸು ಅನ್ನುತ್ತಾರೆ.”